ರಸ್ತೆ ಅಪಘಾತದಲ್ಲಿ ಸಾವು: ಪರಿಹಾರದ ಮೊತ್ತ ಎಲ್ಲಿ ನಿರ್ಧಾರವಾಗುತ್ತದೆ?

2025ರ ಜುಲೈ ಮೊದಲ ವಾರ ಒಂದು ಸುದ್ದಿ ಜೋರಾಗಿ ಓಡಾಡಿತು. ಅಡ್ಡಾದಿಡ್ಡಿ ಗಾಡಿ ಓಡಿಸಿ ಸತ್ತರೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ ಅನ್ನುವುದು ಅದರ ತಿರುಳು. ಬರೀ ತಲೆಬರಹ ಓದಿದರೆ, ಯಾರದೋ ಲಾರಿ ಗುದ್ದಿ ಮನೆಯವರನ್ನು ಕಳೆದುಕೊಂಡವರಿಗೂ ಇನ್ನು ಏನೂ ಸಿಗುವುದಿಲ್ಲವೇನೋ ಅನ್ನಿಸುವಂತಿತ್ತು.

ವಿಷಯ ಹಾಗಿರಲಿಲ್ಲ. ಅದು ನಮ್ಮ ರಾಜ್ಯದ್ದೇ ಪ್ರಕರಣ. 2014ರ ಜೂನ್‌ನಲ್ಲಿ ಮಲ್ಲಸಂದ್ರದಿಂದ ಅರಸೀಕೆರೆ ಕಡೆಗೆ ಹೊರಟಿದ್ದ ಕಾರು ಪಲ್ಟಿಯಾಗಿ, ಅದನ್ನು ಓಡಿಸುತ್ತಿದ್ದವರೇ ತೀರಿಕೊಂಡಿದ್ದರು. ಬೇರೆ ಯಾವ ವಾಹನವೂ ಬಂದು ಗುದ್ದಿರಲಿಲ್ಲ. ಕುಟುಂಬ 80 ಲಕ್ಷ ರೂಪಾಯಿ ಕೇಳಿತ್ತು. ಟೈರ್ ಸಿಡಿದು ಹೀಗಾಯಿತು ಅನ್ನುವುದು ಅವರ ವಾದ. ವೇಗ ಮತ್ತು ಅಜಾಗರೂಕತೆಯೇ ಕಾರಣ ಎಂದು ಪೊಲೀಸರ ಆರೋಪಪಟ್ಟಿ ಹೇಳಿತ್ತು. ಕ್ಲೇಮು ಮೊದಲು ಟ್ರಿಬ್ಯುನಲ್‌ನಲ್ಲಿ, ಅಂದರೆ ಅಪಘಾತ ಪರಿಹಾರದ ಕೇಸುಗಳನ್ನು ನೋಡುವ ನ್ಯಾಯಮಂಡಳಿಯಲ್ಲಿ ಬಿತ್ತು, ಹೈಕೋರ್ಟಿನಲ್ಲಿ ಬಿತ್ತು, ಕೊನೆಗೆ ಸುಪ್ರೀಂ ಕೋರ್ಟಿನಲ್ಲೂ ಬಿತ್ತು.

ಇದರಲ್ಲಿ ಹೊಸ ಕಾನೂನು ಏನೂ ಇಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ನಿಂತಿರುವುದೇ 'ತಪ್ಪು ಯಾರದು' ಅನ್ನುವ ಪ್ರಶ್ನೆಯ ಮೇಲೆ. ತಪ್ಪು ಮಾಡಿದ ಚಾಲಕ, ಅವನ ಗಾಡಿಯ ಮಾಲೀಕ, ಇವರು ಕೊಡಬೇಕಾದ ಹಣವನ್ನು ವಿಮಾ ಕಂಪನಿ ಅವರ ಪರವಾಗಿ ಕೊಡುತ್ತದೆ. ಸತ್ತವರದೇ ತಪ್ಪಾದರೆ ಕೊಡಬೇಕಾದವರು ಯಾರು? ಯಾರೂ ಇಲ್ಲ. ಆದರೆ ಅದೇ ಕಾರಿನಲ್ಲಿದ್ದ ಉಳಿದವರಿಗೆ ಈ ಅಡ್ಡಿ ಇಲ್ಲ. ಪಾಲಿಸಿ ಅವರನ್ನು ಒಳಗೊಂಡಿದ್ದರೆ ಅವರು ಕ್ಲೇಮ್ ಮಾಡಬಹುದು.

ತನ್ನದೇ ಗಾಡಿಯನ್ನು ಓಡಿಸುತ್ತಾ ಸತ್ತ ಮಾಲೀಕರಿಗೆ ಇರುವುದು ಬೇರೆ ದಾರಿ. ಪಾಲಿಸಿಯ ಜೊತೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಅದು. ಲೈಸೆನ್ಸ್ ಇರಬೇಕು, ಆ ಕಂತು ಕಟ್ಟಿರಬೇಕು. ಈ ವಿಮೆ ಇದೆ ಅನ್ನುವುದೇ ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. ಸ್ನೇಹಿತರ ಬೈಕ್ ಕೇಳಿ ಪಡೆದು ಓಡಿಸಿದವರ ಸ್ಥಿತಿ ಇನ್ನೂ ಕಷ್ಟ. ಇಳಕಲ್‌ನಿಂದ ಗುಡೂರಿಗೆ ಹೊರಟು, ಮುಂದಿದ್ದ ಎತ್ತಿನ ಗಾಡಿಗೆ ಡಿಕ್ಕಿಯಾಗಿ ಸತ್ತ ಬೈಕ್ ಸವಾರರ ಪ್ರಕರಣದಲ್ಲಿ 2009ರಲ್ಲೇ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತ್ತು. ಗಾಡಿ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಹಾಗಾಗಿ ಆ ಗಾಡಿಯ ಮಾಲೀಕ ಮತ್ತು ವಿಮಾ ಕಂಪನಿಯ ಮೇಲೆ ಮೂರನೆಯವನಂತೆ ಕ್ಲೇಮ್ ಮಾಡಲಾಗದು. ಮಾಲೀಕರ ಹೆಸರಿನ ವೈಯಕ್ತಿಕ ಅಪಘಾತ ವಿಮೆಯೂ ಸಾಮಾನ್ಯವಾಗಿ ಇಂಥವರ ತನಕ ಬರುವುದಿಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕರ್ನಾಟಕದಲ್ಲಿ 11,702. ಇದರಲ್ಲಿ ಹೆಚ್ಚಿನ ಮನೆಗಳವರಿಗೆ ಕೋರ್ಟು ಕಚೇರಿ ಹೊಸದು. ವಕೀಲರ ವಾದ ಚೆನ್ನಾಗಿದ್ದರೆ ಜಾಸ್ತಿ ಹಣ ಬರುತ್ತದೆ ಅಂತ ನಂಬಿರುತ್ತಾರೆ. ಈ ತೀರ್ಪುಗಳನ್ನು ಓದುತ್ತಾ ಹೋದರೆ ಕಾಣುವುದೇ ಬೇರೆ. ಎಂವಿಸಿ ಕೇಸು, ಅಂದರೆ ಟ್ರಿಬ್ಯುನಲ್‌ನಲ್ಲಿ ಪರಿಹಾರದ ಕೇಸು ಹಾಕುವ ಹೊತ್ತಿಗೆ ಮುಕ್ಕಾಲು ಪಾಲು ಸಂಗತಿ ಕಾಗದದಲ್ಲಿ ತೀರ್ಮಾನವಾಗಿ ಹೋಗಿರುತ್ತದೆ. ಒಂದು ಪೊಲೀಸರ ಕಾಗದ, ಇನ್ನೊಂದು ಆದಾಯದ ಕಾಗದ.

ಪೊಲೀಸರ ಕಾಗದ

ಎರಡು ಬೈಕ್ ಮುಖಾಮುಖಿ ಡಿಕ್ಕಿಯಾಗಿವೆ ಅಂದುಕೊಳ್ಳಿ. ಒಬ್ಬರು ಸತ್ತಿದ್ದಾರೆ, ಇನ್ನೊಬ್ಬರು ಬದುಕಿದ್ದಾರೆ. ದೂರು ಕೊಡುವವರು ಯಾರು? ಬದುಕಿದವರು ಅಥವಾ ಅವರ ಕಡೆಯವರು. ಸತ್ತವರ ಮನೆಯವರು ಆ ಹೊತ್ತಿಗೆ ಶವಾಗಾರದ ಮುಂದೆ ನಿಂತಿರುತ್ತಾರೆ. ಹೀಗೆ ಎಫ್‌ಐಆರ್‌ನಲ್ಲಿ ಸತ್ತವರೇ ಆರೋಪಿಯಾಗುವುದುಂಟು. ಆರೋಪಿ ಬದುಕಿಲ್ಲದ ಕಾರಣ ಕ್ರಿಮಿನಲ್ ಕೇಸು ಅಲ್ಲಿಗೇ ಮುಗಿಯುತ್ತದೆ. ಕುಟುಂಬ ಅದನ್ನು ಅಷ್ಟಕ್ಕೇ ಬಿಡುತ್ತದೆ. ಟ್ರಿಬ್ಯುನಲ್‌ನಲ್ಲಿ ವಿಮಾ ಕಂಪನಿಯ ವಕೀಲರು ಮೊದಲು ಎತ್ತಿ ತೋರಿಸುವುದು ಅದೇ ಎಫ್‌ಐಆರನ್ನು.

ಅಪಘಾತದ ಜಾಗಕ್ಕೆ ಬಂದು ಪೊಲೀಸರು ಬರೆಯುವ ಸ್ಪಾಟ್ ಮಹಜರು ಮತ್ತು ಸ್ಕೆಚ್ ಇನ್ನೂ ಮುಖ್ಯ. ಗಾಡಿಗಳು ರಸ್ತೆಯ ಯಾವ ಬದಿಯಲ್ಲಿ ಬಿದ್ದಿದ್ದವು, ಬ್ರೇಕ್ ಗುರುತು ಎಷ್ಟು ಉದ್ದ, ರಸ್ತೆ ಎಷ್ಟು ಅಗಲ ಎಂಬುದೆಲ್ಲ ಅದರಲ್ಲಿರುತ್ತದೆ. ಸತ್ತವರದೂ ಸ್ವಲ್ಪ ತಪ್ಪಿದೆ ಎಂದು ತೀರ್ಮಾನವಾದರೆ ಶೇ 20, ಶೇ 30, ಕೆಲವೊಮ್ಮೆ ಅರ್ಧದಷ್ಟು ಹಣ ಕಡಿತವಾಗುತ್ತದೆ. ಮೂವರು ಒಂದೇ ಬೈಕಿನಲ್ಲಿದ್ದರು ಅನ್ನುವ ಒಂದೇ ಕಾರಣಕ್ಕೆ ಕಡಿತ ಮಾಡುವಂತಿಲ್ಲ, ಅಪಘಾತಕ್ಕೆ ಅದೇ ಕಾರಣವಾಯಿತು ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಈ ಮಾತು ಗೊತ್ತಿರುವುದು ಒಳ್ಳೆಯದು. ಯಾಕೆಂದರೆ ಕಂಪನಿಗಳು ಈ ವಾದವನ್ನು ಇನ್ನೂ ಬಿಟ್ಟಿಲ್ಲ.

ಕುಟುಂಬಕ್ಕೆ ಅನುಕೂಲವಾಗುವ ಸಂಗತಿಯೂ ಒಂದಿದೆ. ಟ್ರಿಬ್ಯುನಲ್ ಕ್ರಿಮಿನಲ್ ಕೋರ್ಟಿನಷ್ಟು ಗಟ್ಟಿ ಸಾಕ್ಷಿ ಕೇಳುವುದಿಲ್ಲ. ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಅನ್ನುವಷ್ಟು ತೋರಿಸಿದರೆ ಸಾಕು. ಲಾರಿ ಚಾಲಕ ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಕೇಸು ಬಿದ್ದುಹೋಗುವುದಿಲ್ಲ.

2022ರಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ಅಪಘಾತ ವರದಿಯನ್ನು ಟ್ರಿಬ್ಯುನಲ್‌ಗೆ ಕೊಡಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿ ಎಂದು ಟ್ರಿಬ್ಯುನಲ್ ಪರಿಗಣಿಸಬಹುದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಜಾರಿ ಮಾಡಲು ನಿರ್ದೇಶನ ಕೊಟ್ಟಿತು. ಈ ವ್ಯವಸ್ಥೆ ನಿಜವಾಗಿ ನಡೆದರೆ ಆಸ್ಪತ್ರೆ ಬಾಗಿಲಲ್ಲಿ ಕಾಯುವ ಏಜೆಂಟರಿಗೆ ಕೆಲಸವೇ ಇರುವುದಿಲ್ಲ. ಅವರು ಇನ್ನೂ ಅಲ್ಲೇ ಇದ್ದಾರೆ ಅನ್ನುವುದೇ ಅದು ಎಷ್ಟರ ಮಟ್ಟಿಗೆ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿ.

ಲೆಕ್ಕ ಹೇಗೆ?

ಮೊದಲೆಲ್ಲ ಒಂದೊಂದು ಟ್ರಿಬ್ಯುನಲ್ ಒಂದೊಂದು ರೀತಿ ಲೆಕ್ಕ ಹಾಕುತ್ತಿತ್ತು. 2009ರ ಸರಳಾ ವರ್ಮಾ ತೀರ್ಪು ಮತ್ತು 2017ರ ಅಕ್ಟೋಬರ್ 31ರಂದು ಐವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ಪ್ರಣಯ್ ಸೇಥಿ ತೀರ್ಪು ಬಂದ ಮೇಲೆ ಒಂದು ಸೂತ್ರ ಗಟ್ಟಿಯಾಯಿತು. ಅದನ್ನು ಒಂದು ಉದಾಹರಣೆಯಲ್ಲೇ ನೋಡೋಣ.

ಗ್ಯಾರೇಜ್ ಮೆಕ್ಯಾನಿಕ್ ಒಬ್ಬರಿಗೆ 35 ವರ್ಷ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇದ್ದಾರೆ. ತಿಂಗಳ ಆದಾಯ 15,000 ರೂಪಾಯಿ ಎಂದು ಸಾಬೀತಾಗಿದೆ. ಬದುಕಿದ್ದರೆ ಆದಾಯ ಏರುತ್ತಿತ್ತಲ್ಲ, ಅದಕ್ಕೆ ಶೇ 40 ಸೇರಿಸುತ್ತಾರೆ. ಸ್ವಂತ ದುಡಿಮೆಯವರಿಗೆ, 40 ವರ್ಷದೊಳಗಿದ್ದರೆ, ಇರುವ ಪ್ರಮಾಣ ಅದು. ಕಾಯಂ ನೌಕರಿಯವರಾಗಿದ್ದರೆ ಶೇ 50. ಈಗ 21,000 ಆಯಿತು. ಅದರಲ್ಲಿ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಭಾಗ ಕಳೆಯುತ್ತಾರೆ, ಅವಲಂಬಿತರು ನಾಲ್ಕು ಜನ ಇರುವುದರಿಂದ. ಇಬ್ಬರು ಮೂವರೇ ಆಗಿದ್ದರೆ ಮೂರನೇ ಒಂದು ಭಾಗ ಹೋಗುತ್ತಿತ್ತು. ಉಳಿದದ್ದು 15,750, ವರ್ಷಕ್ಕೆ 1,89,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 15ರಿಂದ 25 ವರ್ಷದವರಿಗೆ ಗುಣಕ 18. ವಯಸ್ಸು ಏರಿದಂತೆ ಅದು ಇಳಿಯುತ್ತದೆ, 65 ದಾಟಿದವರಿಗೆ ಬರೀ 5. ನಮ್ಮ ಮೆಕ್ಯಾನಿಕ್‌ಗೆ 16. ಒಟ್ಟು 30,24,000 ರೂಪಾಯಿ.

ಇದರ ಮೇಲೆ ಸಾಂಗತ್ಯ ಕಳೆದುಕೊಂಡದ್ದಕ್ಕೆ, ಆಸ್ತಿ ನಷ್ಟಕ್ಕೆ, ಅಂತ್ಯಸಂಸ್ಕಾರಕ್ಕೆ ಎಂದು ಗೊತ್ತುಮಾಡಿದ ಸಣ್ಣ ಮೊತ್ತಗಳಿವೆ. 2017ರಲ್ಲಿ ಅವು 40,000, 15,000 ಮತ್ತು 15,000 ಇದ್ದವು. ಮೂರು ವರ್ಷಕ್ಕೊಮ್ಮೆ ಶೇ 10 ಏರಬೇಕು ಎಂದು ಅದೇ ತೀರ್ಪು ಹೇಳಿದೆ. ಎರಡು ಸಲ ಏರಿಸಿದರೆ ಸಾಂಗತ್ಯದ್ದು 48,400, ಉಳಿದೆರಡು 18,150 ಆಗುತ್ತವೆ. ಸಾಂಗತ್ಯದ ಹಣ ಹೆಂಡತಿಗೆ ಮಾತ್ರವಲ್ಲ, ಮಕ್ಕಳಿಗೂ ತಂದೆ ತಾಯಿಗೂ ಉಂಟು ಎಂದು 2018ರಲ್ಲಿ ಸ್ಪಷ್ಟವಾಯಿತು. ಮನೆಯ ನಾಲ್ವರಿಗೂ ಸಾಂಗತ್ಯದ ಹಣ ಹಿಡಿದು ಎಲ್ಲ ಕೂಡಿಸಿದರೆ 32,53,900.

ಈಗ ಅದೇ ಲೆಕ್ಕವನ್ನು 10,000 ರೂಪಾಯಿ ಆದಾಯದಿಂದ ಮಾಡಿ ನೋಡಿ. 30,24,000 ಇದ್ದದ್ದು 20,16,000ಕ್ಕೆ ಇಳಿಯುತ್ತದೆ. ಈ ಕುಟುಂಬದ ಮಟ್ಟಿಗೆ ತಿಂಗಳ ಆದಾಯದಲ್ಲಿ ಸಾಬೀತಾಗದೆ ಹೋದ ಪ್ರತಿ ಒಂದು ಸಾವಿರಕ್ಕೂ ಎರಡು ಲಕ್ಷದ ಮೇಲೆ ನಷ್ಟ. ವರ್ಷಗಟ್ಟಲೆ ನಡೆಯುವ ಪಾಟೀಸವಾಲಿನ ಜೀವ ಇರುವುದೇ ಇಲ್ಲಿ.

ಸಂಬಳ ಚೀಟಿ ಇದ್ದವರಿಗೆ ಚಿಂತೆ ಇಲ್ಲ. ಮಾಲೀಕರು ಬರೆದುಕೊಟ್ಟ ಸಂಬಳದ ಪತ್ರ ಮಾತ್ರ ಇದ್ದರೆ, ಬರೆದವರು ಕೋರ್ಟಿಗೆ ಬಂದು ಸಾಕ್ಷಿ ಹೇಳದ ಹೊರತು ಅದಕ್ಕೆ ಹೆಚ್ಚು ಬೆಲೆ ಸಿಗುವುದಿಲ್ಲ. ಸಾವಿನ ಮೊದಲೇ ಸಲ್ಲಿಸಿದ ಆದಾಯ ತೆರಿಗೆ ರಿಟರ್ನ್ಸ್‌ಗೆ ತೂಕ ಜಾಸ್ತಿ. ಸಾವಿನ ನಂತರ ಸಲ್ಲಿಸಿದ್ದನ್ನು ಅನುಮಾನದಿಂದ ನೋಡುತ್ತಾರೆ. ರೈತರ ವಿಷಯ ವಿಚಿತ್ರ. ಪಹಣಿ ತಂದು ತೋರಿಸಿದರೆ, ಜಮೀನು ಇನ್ನೂ ಕುಟುಂಬದ ಹತ್ತಿರವೇ ಇದೆಯಲ್ಲ ಎಂದು ಕೋರ್ಟು ಕೇಳುತ್ತದೆ. ನಷ್ಟವಾದದ್ದು ಬೆಳೆಯ ಆದಾಯವಲ್ಲ, ಅವರ ದುಡಿಮೆ ಮತ್ತು ಮೇಲ್ವಿಚಾರಣೆ ಮಾತ್ರ ಅನ್ನುವುದು ಒಪ್ಪಿತವಾದ ನಿಲುವು. ಹಾಗಾಗಿ ಹಾಲಿನ ಡೈರಿಯ ಪಾಸ್‌ಬುಕ್, ಬಾಡಿಗೆ ಟ್ರ್ಯಾಕ್ಟರ್ ಓಡಿಸಿದ ಲೆಕ್ಕ, ಫೋನ್‌ಪೇಗೆ ಬಂದ ಹಣದ ವಿವರ, ಇಂಥವೇ ಪಹಣಿಗಿಂತ ಉಪಯೋಗಕ್ಕೆ ಬರುತ್ತವೆ.

ಏನೂ ಇಲ್ಲದಿದ್ದರೆ ಕಾಲ್ಪನಿಕ ಆದಾಯ, ಅಂದರೆ ಕೋರ್ಟೇ ಅಂದಾಜು ಮಾಡಿ ಹಿಡಿಯುವ ಆದಾಯ. ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸಲೆಂದು ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ವರ್ಷವಾರು ಒಂದು ಪಟ್ಟಿ ಮಾಡಿದೆ. 2017ರ ಅಪಘಾತವಾದರೆ ತಿಂಗಳಿಗೆ 11,000. ಹೈಕೋರ್ಟು ಕೂಡ ಇದನ್ನೇ ಅಳತೆಯಾಗಿ ಬಳಸುತ್ತಾ ಬಂದಿದೆ. ಒಂದು ರೀತಿಯಲ್ಲಿ ಇದು ನ್ಯಾಯವೇ. ದಾಖಲೆ ಇಲ್ಲದವರಿಗೂ ಒಂದು ನೆಲಗಟ್ಟು ಸಿಗುತ್ತದೆ. ಆದರೆ ಒಳ್ಳೆಯ ಗಾರೆ ಕೆಲಸದವರೂ, ಎಲೆಕ್ಟ್ರಿಷಿಯನ್ನೂ, ಏನೂ ಕಲಿಯದ ಕೂಲಿಯವರೂ ಒಂದೇ ಅಂಕಿಗೆ ಬಂದು ನಿಲ್ಲುತ್ತಾರೆ. ದಾಖಲೆ ಇಲ್ಲದಿರುವುದು ಅವರ ತಪ್ಪಲ್ಲ, ಅವರ ಕಸುಬು ನಡೆಯುವುದೇ ಹಾಗೆ, ಅಲ್ವಾ?

ದುಡಿಯದವರು ಅಂತ ಯಾರನ್ನು ಕರೆಯುವುದು?

ಮನೆಯಾಕೆ ಸತ್ತಾಗ ಈ ಸೂತ್ರ ತಡವರಿಸುತ್ತದೆ. 1989ರ ಜಮ್‌ಶೆಡ್‌ಪುರದ ಬೆಂಕಿ ದುರಂತದ ಪ್ರಕರಣದಲ್ಲಿ, 2001ರಲ್ಲಿ, ಸುಪ್ರೀಂ ಕೋರ್ಟ್ ಗೃಹಿಣಿಯರ ಸೇವೆಯ ಬೆಲೆಯನ್ನು ತಿಂಗಳಿಗೆ 3,000 ಎಂದು ಲೆಕ್ಕ ಹಾಕಿತು. ಆಗ ಅದೇ ದೊಡ್ಡ ಹೆಜ್ಜೆ. 2021ರ ಜನವರಿಯ ತೀರ್ಪು ಇನ್ನೂ ಮುಂದೆ ಹೋಯಿತು. ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಅನ್ನುವ 2019ರ ಸಮಯ ಬಳಕೆ ಸಮೀಕ್ಷೆಯನ್ನು ನ್ಯಾಯಮೂರ್ತಿ ಎನ್.ವಿ. ರಮಣ ಅದರಲ್ಲಿ ಎತ್ತಿಹೇಳಿದರು. ಗೃಹಿಣಿಯ ಕಾಲ್ಪನಿಕ ಆದಾಯಕ್ಕೂ ಭವಿಷ್ಯದ ಏರಿಕೆಯನ್ನು ಸೇರಿಸಬೇಕು ಎಂದಾಯಿತು. ಗೃಹಿಣಿಯ ಆದಾಯವನ್ನು ದಿನಗೂಲಿಯವರಿಗಿಂತ ಕಡಿಮೆ ಹಿಡಿಯುವುದು ಹೇಗೆ ಎಂದು 2024ರಲ್ಲಿ ಕೋರ್ಟು ಮತ್ತೆ ಕೇಳಬೇಕಾಯಿತು. ಮತ್ತೆ ಕೇಳಬೇಕಾಯಿತು ಅನ್ನುವುದನ್ನು ಗಮನಿಸಿ. ಕೆಳಗಿನ ಕೋರ್ಟುಗಳಲ್ಲಿ ಹಳೆಯ ಅಭ್ಯಾಸ ಅಷ್ಟು ಸುಲಭಕ್ಕೆ ಹೋಗಿಲ್ಲ.

ಮಕ್ಕಳದ್ದೂ ಇದೇ ಕಥೆ. ಕಾಯ್ದೆಯ ಹಳೆಯ ಪಟ್ಟಿಯಲ್ಲಿ ಆದಾಯ ಇಲ್ಲದವರಿಗೆ ವರ್ಷಕ್ಕೆ 15,000 ಎಂದಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಹತ್ತು ವರ್ಷದ ಹುಡುಗನ ಸಾವಿಗೆ 30,000 ಹಿಡಿಯಿತು. ಗಾಯಗೊಂಡ ಮಗುವೊಂದರ ಪ್ರಕರಣದಲ್ಲಿ 2025ರಲ್ಲಿ, ಕುಶಲ ಕಾರ್ಮಿಕರ ಕನಿಷ್ಠ ವೇತನವನ್ನೇ ಹಿಡಿಯಬೇಕು ಎಂದಿತು. ಮದುವೆಯಾಗದ ಯುವಕರ ವಿಷಯದಲ್ಲಿ ಕಂಪನಿಗಳು ಬಹಳ ಕಾಲ ತಂದೆ ತಾಯಿಯ ವಯಸ್ಸಿಗೆ ತಕ್ಕ ಗುಣಕ ಕೇಳುತ್ತಿದ್ದವು. ಸತ್ತವರ ವಯಸ್ಸನ್ನೇ ನೋಡಬೇಕು ಅನ್ನುವುದು ಈಗ ಖಚಿತ. ಆದರೆ ಸ್ವಂತ ಖರ್ಚಿಗೆ ಅರ್ಧ ಆದಾಯ ಕಳೆಯುವ ನಿಯಮ ಹಾಗೇ ಉಳಿದಿದೆ. ದುಡಿದದ್ದನ್ನೆಲ್ಲ ಮನೆಗೆ ಕಳಿಸುತ್ತಿದ್ದ ಹುಡುಗನಿಗೂ ಅದೇ ಅರ್ಧ. ನನಗೆ ಇದು ಸರಿ ಕಾಣುವುದಿಲ್ಲ.

ಒಂದೇ ಲಾರಿ ಗುದ್ದಿ, 30 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಮತ್ತು ಅದೇ ವಯಸ್ಸಿನ ಕೂಲಿ ಕಾರ್ಮಿಕ ಸತ್ತರೆ ಇಬ್ಬರ ಪರಿಹಾರದಲ್ಲಿ ಹತ್ತು ಪಟ್ಟು ವ್ಯತ್ಯಾಸ ಬರಬಹುದು. ಇದು ಜೀವದ ಬೆಲೆಯಲ್ಲ, ಅವಲಂಬಿತರಿಗೆ ನಿಂತುಹೋದ ಆದಾಯ ಅನ್ನುವುದು ಕಾನೂನಿನ ಉತ್ತರ. ತರ್ಕ ಸರಿಯೇ. ಆದರೆ ಉಳಿತಾಯವಿಲ್ಲದ ಮನೆಗೇ ಕಡಿಮೆ ಹಣ ಬರುತ್ತದೆ ಅನ್ನುವುದೂ ಅಷ್ಟೇ ನಿಜ. ಅಂಥ ಮನೆಗೆ ಸಿಗುವ ಸಮಾಧಾನ ಇಷ್ಟು: ಎಲ್‌ಐಸಿ ಹಣ ಬಂತು, ಕುಟುಂಬ ಪಿಂಚಣಿ ಬಂತು, ಅನುಕಂಪದ ಕೆಲಸ ಸಿಕ್ಕಿತು ಎಂದು ಸಾಮಾನ್ಯವಾಗಿ ಪರಿಹಾರದಲ್ಲಿ ಕಡಿತ ಮಾಡುವಂತಿಲ್ಲ.

ಕಂಪನಿಯ ಕಡೆಯಿಂದ

ವಿಮಾ ಕಂಪನಿಗಳನ್ನು ಸುಮ್ನೆ ಬೈಯುವುದು ಸುಲಭ. ಅವರ ಮಾತಿನಲ್ಲೂ ಹುರುಳಿದೆ. ಥರ್ಡ್ ಪಾರ್ಟಿ ಪ್ರೀಮಿಯಂ, ಅಂದರೆ ತನ್ನ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಗೆ ಕಟ್ಟುವ ಕಂತು ಎಷ್ಟು ಅನ್ನುವುದನ್ನು ಸರ್ಕಾರ ನಿಗದಿ ಮಾಡುತ್ತದೆ, ಆದರೆ ಸಾವಿನ ಪರಿಹಾರಕ್ಕೆ ಮೇಲ್ಮಿತಿ ಇಲ್ಲ. 2016ರ ಮಸೂದೆಯಲ್ಲಿ 10 ಲಕ್ಷದ ಮಿತಿ ಹಾಕುವ ಪ್ರಸ್ತಾವ ಇತ್ತು. ವಿರೋಧ ಬಂದು 2019ರ ತಿದ್ದುಪಡಿಯಲ್ಲಿ ಅದು ಬಿಟ್ಟುಹೋಯಿತು, ಪುಣ್ಯಕ್ಕೆ. ಬೇರೆಲ್ಲೋ ಬಿದ್ದು ಸತ್ತವರಿಗೆ ವಿಮೆ ಇರುವ ಗಾಡಿಯನ್ನು ತಂದು ಜೋಡಿಸುವ ಸುಳ್ಳು ಕ್ಲೇಮುಗಳೂ ಇವೆ. ತಡವಾಗಿ ದಾಖಲಾದ ಎಫ್‌ಐಆರ್ ಕಂಡರೆ ಅವರು ಅನುಮಾನ ಪಡುವುದು ಇದೇ ಕಾರಣಕ್ಕೆ. ತಡವಾದದ್ದಕ್ಕೆ ಸರಿಯಾದ ಕಾರಣ ಹೇಳಿದರೆ ಕೋರ್ಟು ಒಪ್ಪುತ್ತದೆ.

ಲೈಸೆನ್ಸ್ ವಿಷಯದಲ್ಲಿ ಕುಟುಂಬಗಳಿಗೆ ಈಗ ಸ್ವಲ್ಪ ನೆಮ್ಮದಿ. 7,500 ಕಿಲೋಗಿಂತ ಕಡಿಮೆ ತೂಕದ ಸರಕು ವಾಹನವನ್ನು ಸಾಮಾನ್ಯ ಲಘು ವಾಹನ ಲೈಸೆನ್ಸ್‌ನಲ್ಲೇ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಲೈಸೆನ್ಸ್ ಸರಿ ಇಲ್ಲದಿದ್ದರೂ ಎಷ್ಟೋ ಪ್ರಕರಣಗಳಲ್ಲಿ, ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಆದೇಶವಾಗುತ್ತದೆ.

ನೆಮ್ಮದಿ ಇಲ್ಲದ ಜಾಗ ಬೇರೆ. ಸರಕು ಗಾಡಿಯಲ್ಲಿ, ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಸುಮ್ಮನೆ ಹತ್ತಿಕೊಂಡು ಹೋದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು 2002ರ ಕೊನೆಯಿಂದಲೂ ಸುಪ್ರೀಂ ಕೋರ್ಟ್ ಹೇಳುತ್ತಿದೆ. ಮದುವೆ ದಿಬ್ಬಣ, ಜಾತ್ರೆಗೆ ಜನ ಹೋಗುವುದೇ ಇಂಥ ಗಾಡಿಗಳಲ್ಲಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಬೈಕಿನ ಹಿಂಬದಿ ಸವಾರರಿಗೂ ಆ ಪಾಲಿಸಿಯಿಂದ ಪರಿಹಾರ ಸಿಗುವುದು ಕಷ್ಟ. ಗುದ್ದಿದ ಗಾಡಿಗೆ ವಿಮೆಯೇ ಇಲ್ಲದಿದ್ದರೆ ಮಾಲೀಕರೇ ಕೊಡಬೇಕು, ಅವರ ಹತ್ತಿರ ಇರಬೇಕಲ್ಲ! ಅಂಥ ಗಾಡಿಯನ್ನು ಭದ್ರತೆ ಇಲ್ಲದೆ ಬಿಡಬಾರದು, ಹರಾಜು ಹಾಕಿ ಹಣ ಟ್ರಿಬ್ಯುನಲ್‌ನಲ್ಲಿಡಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಳೆಯ ಗಾಡಿಯ ಹರಾಜಿನಿಂದ ಬರುವುದೆಷ್ಟು ಎಂದು ಎಲ್ಲರಿಗೂ ಗೊತ್ತು.

ಗುದ್ದಿ ಓಡಿಹೋದ ಗಾಡಿ ಸಿಗದೇ ಹೋದರೆ 2022ರ ಏಪ್ರಿಲ್ 1ರಿಂದ ಸರ್ಕಾರದ ಯೋಜನೆಯೊಂದರಲ್ಲಿ ಸಾವಿಗೆ 2 ಲಕ್ಷ ರೂಪಾಯಿ ಇದೆ. ಮೊದಲು 25,000 ಇತ್ತು. ಅರ್ಜಿ ಕೊಡಬೇಕಾದದ್ದು ಕೋರ್ಟಿಗಲ್ಲ, ತಹಶೀಲ್ದಾರರಂಥ ಕಂದಾಯ ಅಧಿಕಾರಿಗೆ. 2022ರಲ್ಲಿ ದೇಶದಲ್ಲಿ ಇಂಥ 67,387 ಅಪಘಾತಗಳಾಗಿ 30,486 ಜನ ಸತ್ತರು. 2022–23ರಲ್ಲಿ ಬಂದ ಅರ್ಜಿಗಳು 205! ಯೋಜನೆ ಇರುವುದನ್ನು ಕುಟುಂಬಕ್ಕೆ ಪೊಲೀಸರೇ ತಿಳಿಸಬೇಕು ಎಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

5 ಲಕ್ಷದ ಮಾತು, ಆರು ತಿಂಗಳ ಮಾತು

ತಪ್ಪು ಯಾರದು ಎಂದು ಕೇಳದೆಯೇ ಸಾವಿಗೆ 5 ಲಕ್ಷ ಕೊಡುವ 164ನೇ ಸೆಕ್ಷನ್ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ತಪ್ಪನ್ನು ಸಾಬೀತು ಮಾಡಲು ಆಗದವರಿಗೆ ಇದು ದೊಡ್ಡ ಆಸರೆ. ಆದರೆ ಕಂಪನಿಯ ಅಧಿಕಾರಿಯ ಜೊತೆ ರಾಜಿಯಾಗಿ ಈ ಹಣ ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೆ ಮುಗಿಯಿತು ಎಂದು ಕಾಯ್ದೆಯೇ ಹೇಳುತ್ತದೆ. ಮೇಲಿನ ಮೆಕ್ಯಾನಿಕ್ ಕುಟುಂಬ ಅವಸರಕ್ಕೆ 5 ಲಕ್ಷ ಒಪ್ಪಿದರೆ ಕಳೆದುಕೊಳ್ಳುವುದು 27 ಲಕ್ಷ. ತಿಥಿ ಮುಗಿಯುವ ಮೊದಲೇ ಯಾವ ಕಾಗದಕ್ಕೂ ಸಹಿ ಹಾಕದಿರುವುದು ಒಳ್ಳೆಯದು.

ಹಾಗಂತ ತುಂಬಾ ಕಾಯುವಂತೆಯೂ ಇಲ್ಲ. 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿ 2022ರಲ್ಲಿ ವಾಪಸ್ ಬಂತು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿವೆ. ತಡವಾಯಿತು ಅನ್ನುವ ಕಾರಣಕ್ಕೆ ಕ್ಲೇಮುಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಅದು ಟ್ರಿಬ್ಯುನಲ್ ಮತ್ತು ಹೈಕೋರ್ಟುಗಳಿಗೆ ಹೇಳಿತು. ಅದು ಮಧ್ಯಂತರ ಆದೇಶ. ಅದನ್ನೇ ನಂಬಿ ಕೂರುವುದಕ್ಕಿಂತ ಆರು ತಿಂಗಳನ್ನೇ ಗಡುವು ಎಂದುಕೊಳ್ಳುವುದು ಮೇಲು. ಅಪಘಾತ ಪುಣೆ ಹತ್ತಿರ ಆಗಿದ್ದರೂ ರಾಯಚೂರಿನಲ್ಲಿರುವ ಕುಟುಂಬ ರಾಯಚೂರಿನಲ್ಲೇ ಅರ್ಜಿ ಹಾಕಬಹುದು. ಅರ್ಜಿ ಹಾಕುವವರು ವಾರಸುದಾರರೇ ಆಗಬೇಕೆಂದಿಲ್ಲ. ಅಳಿಯನ ಮನೆಯಲ್ಲೇ ಇದ್ದ ಅತ್ತೆಯನ್ನೂ ಸುಪ್ರೀಂ ಕೋರ್ಟ್ 2021ರಲ್ಲಿ ಅರ್ಹರೆಂದು ಒಪ್ಪಿದೆ.

ವಕೀಲರ ಜೊತೆ ಪರಿಹಾರದಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಳ್ಳುವುದು ನಡೆಯುತ್ತಲೇ ಇದೆ. ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ಹಾಗೆ ಪಾಲು ಕೇಳುವಂತಿಲ್ಲ. ಶುಲ್ಕ ಎಷ್ಟೆಂದು ಮೊದಲೇ ಮಾತಾಡಿ ಬರೆಸಿಕೊಳ್ಳಬೇಕು. ಹಣ ಹಕ್ಕುದಾರರ ಬ್ಯಾಂಕ್ ಖಾತೆಗೇ ನೇರವಾಗಿ ಹೋಗಬೇಕು ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಅರ್ಜಿಯ ಜೊತೆಗೇ ಹೆಂಡತಿಯ ಹೆಸರಿನ ಪಾಸ್‌ಬುಕ್ ಪ್ರತಿ ಕೊಟ್ಟರಾಯಿತು. ಚಿಕ್ಕ ಮಕ್ಕಳ ಪಾಲು ಅವರಿಗೆ 18 ತುಂಬುವ ತನಕ ಠೇವಣಿಯಲ್ಲಿರುತ್ತದೆ. ಓದಿಗೋ ಚಿಕಿತ್ಸೆಗೋ ಅದಕ್ಕೂ ಮೊದಲೇ ಬೇಕಾದರೆ ತಾಯಿ ಟ್ರಿಬ್ಯುನಲ್‌ಗೆ ಅರ್ಜಿ ಕೊಟ್ಟು ಕೇಳಬಹುದು.